ಸೈಕಲ್ ಶನಿವಾರದ ಮೇಷ್ಟ್ರು

ಯಾವ ಕೋಣೆಯೊಳಗೆ ಬಂದರೂ ಅವರು ಮೊದಲು ನೋಡುತ್ತಿದ್ದದ್ದು ಮೇಲಕ್ಕೆ. ಎದುರಿಗೆ ಪ್ರಿನ್ಸಿಪಾಲರೇ ಕೂತಿರಲಿ, ವಿಶ್ವವಿದ್ಯಾನಿಲಯದಿಂದ ಬಂದ ದೊಡ್ಡವರೇ ಇರಲಿ, ಮೊದಲು ಫ್ಯಾನು, ಆಮೇಲೆ ನಮಸ್ಕಾರ. ಖಾಲಿ ಕುರ್ಚಿಯ ಮೇಲೆ ಫ್ಯಾನು ತಿರುಗುತ್ತಿದ್ದರೆ ಅವರ ಕೈ ತಾನಾಗಿ ಗೋಡೆಯ ಕಡೆ ಹೋಗುತ್ತಿತ್ತು. ಸ್ವಿಚ್ಚು ಆರಿಸಿ, "ಕುರ್ಚಿಗೆ ಸೆಕೆ ಆಗಲ್ಲ ಕಣ್ರೀ" ಅನ್ನುತ್ತಿದ್ದರು. ಒಂದು ಸಲ ಪ್ರಿನ್ಸಿಪಾಲರು ಕುರ್ಚಿಯಲ್ಲಿದ್ದಾಗಲೇ ಆರಿಸಿಬಿಟ್ಟು, ಮಾತು ಮುಗಿಸಿ ಹೊರಗೆ ಬಂದ ಮೇಲೆ ನೆನಪಾಗಿ ವಾಪಸು ಹೋಗಿ ಹಾಕಿ ಬಂದಿದ್ದರು.

ಹೋದ ತಿಂಗಳು ಅವರ ಹೆಂಡತಿ ವಿಶಾಲಕ್ಕ ಬೇಲೂರಿನ ನಮ್ಮ ಮನೆಗೆ ಫೋನು ಮಾಡಿದರು. "ಹೋಗ್ಬಿಟ್ರು ಕಣೇ" ಅಂದರು. ಎದೆನೋವಂತೆ, ಆಸ್ಪತ್ರೆ ಮುಟ್ಟುವಷ್ಟೂ ಹೊತ್ತು ಕೊಡಲಿಲ್ಲವಂತೆ. ನಾನು ಫೋನಿಟ್ಟು ಒಳಕ್ಕೆ ಹೊರಟವಳು ಬಾಗಿಲ ಹತ್ತಿರ ನಿಂತು ಫ್ಯಾನು ಆರಿಸಿದೆ. ಆರಿಸಿದ ಮೇಲೆ ಗೊತ್ತಾಯಿತು, ಆರಿಸಿದ್ದು ನಾನಲ್ಲ, ಅವರು ಅಂತ. ಹೋದಮೇಲೂ ಬಿಡಲಿಲ್ಲವಲ್ಲ ಈ ಮಹಾನುಭಾವ ಎಂದು ಸಿಟ್ಟೂ ಬಂತು, ಅಳುವೂ ಬಂತು.

ಅರಸೀಕೆರೆಯ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ, ಅವರು ಭೂಗೋಳ. ನಾನು ಸೇರಿದಾಗ ಹುಡುಗರು ಅವರನ್ನು ಫ್ಯಾನ್ ಮೇಷ್ಟ್ರು ಅನ್ನುತ್ತಿದ್ದರು. ಬಸ್ ಸ್ಟ್ಯಾಂಡಿನ ಹೋಟೆಲುಗಳಿಗೆ ಪ್ಲಾಸ್ಟಿಕ್ ಕಪ್ಪು ಬಂದ ಮೇಲೆ ಅವರು ಬ್ಯಾಗಿನಲ್ಲಿ ಒಂದು ಸ್ಟೀಲಿನ ಲೋಟ ಇಟ್ಟುಕೊಳ್ಳತೊಡಗಿದರು. ಆಗ ಲೋಟದ ಮೇಷ್ಟ್ರಾದರು. ಕಡೆಗೆ ಸೈಕಲ್ ಮೇಷ್ಟ್ರು. ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ನಾನೂ ಅದನ್ನು ಅಲ್ಲೇ ಬಿಡುತ್ತೇನೆ.

ಹಗರೆ ಕಡೆಯ ಒಕ್ಕಲುಮನೆಯವರು. ಎಂ.ಎ. ಓದಿ, ಮೈಸೂರಿನಲ್ಲಿ ನಾಲ್ಕಾರು ವರ್ಷ ಇದ್ದು ಬಂದರೂ ನಾಲಿಗೆ ಮಾತ್ರ ಹಗರೆಯದೇ. ಪಾಠ ಶುರುಮಾಡುವಾಗ ಪುಸ್ತಕದ ಕನ್ನಡ. ಎರಡನೆಯ ವಾಕ್ಯಕ್ಕೆ ಅದು ಜಾರಿ ಹೋಗಿ ಹೊಲದ ಬದುವಿನ ಮೇಲೆ ನಿಂತಿರುತ್ತಿತ್ತು. ಭೂಮಿ ಬಿಸಿಯಾಗುವ ವಿಷಯವನ್ನು ಪತ್ರಿಕೆಗಳು ಇನ್ನೂ ಒಳಪುಟದ ಮೂಲೆಯಲ್ಲಿ ಹಾಕುತ್ತಿದ್ದ ಕಾಲದಲ್ಲೇ ಅವರು ತರಗತಿಯಲ್ಲಿ ಹೇಳುತ್ತಿದ್ದರು: "ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗೋದು, ನಮ್ಮವ್ವನ ಕಾಲದಲ್ಲಿ. ಈಗ ಸಂಕ್ರಾಂತಿಗೇ ಹೇಳ್ದೆ ಕೇಳ್ದೆ ಎದ್ದು ಹೋಗ್ತಾ ಐತೆ. ಯಾರು ಓಡಿಸಿದ್ದು? ನಾನೂ ನೀವೂನೇ."

ಪ್ರತಿ ವರ್ಷ ಒಂದು ದಿನ ಮಕ್ಕಳನ್ನು ರೈಲ್ವೆ ಸ್ಟೇಷನ್ನಿಗೆ ಕರೆದುಕೊಂಡು ಹೋಗುತ್ತಿದ್ದರು. ಜಂಕ್ಷನ್ನಲ್ಲವೇ, ಯಾವುದಾದರೂ ಡೀಸೆಲ್ ಇಂಜಿನ್ನು ಸುಮ್ಮನೆ ಗುರುಗುಟ್ಟುತ್ತ ನಿಂತೇ ಇರುತ್ತಿತ್ತು. ಅದರ ಬಿಸಿಗಾಳಿ ಮುಖಕ್ಕೆ ಹೊಡೆಯುವಷ್ಟು ಹತ್ತಿರ ಮಕ್ಕಳನ್ನು ನಿಲ್ಲಿಸಿ, "ಇದು ಯಾರಿಗೋಸ್ಕರ ಉರೀತಾ ಐತೆ?" ಎಂದು ಕೇಳುತ್ತಿದ್ದರು. "ಯಾರಿಗೂ ಇಲ್ಲ ಸಾರ್." "ಕ್ಯಾಂಟೀನ್ ಮುಂದೆ ನಿಮ್ಮ ಬೈಕುಗಳು ಸ್ಟಾರ್ಟಲ್ಲೇ ನಿಂತು ಹರಟೆ ಹೊಡೀತಾವಲ್ಲ, ಅವು ಯಾರಿಗೋಸ್ಕರ?" ಹುಡುಗರು ನಗುತ್ತಿದ್ದರು. ಮಾರನೆಯ ದಿನ ಕ್ಯಾಂಟೀನಿನ ಮುಂದೆ ಒಬ್ಬಿಬ್ಬರಾದರೂ ಇಂಜಿನ್ ಆರಿಸಿ ಹರಟುತ್ತಿದ್ದರು. ಮೇಷ್ಟ್ರಿಗೆ ಅಷ್ಟೇ ಸಾಕಾಗಿ, ಆ ದಿನವಿಡೀ ಮದುವೆ ಮನೆಯ ಯಜಮಾನರ ಹಾಗೆ ಓಡಾಡುತ್ತಿದ್ದರು.

ಇಷ್ಟು ಹೇಳಿದೆನೆಂದು ಅವರನ್ನು ಸನ್ಯಾಸಿ ಎಂದುಕೊಳ್ಳಬೇಡಿ. ಅವರ ಹತ್ತಿರ ಒಂದು ಸ್ಕೂಟರಿತ್ತು. ಮದುವೆಯಾದ ವರ್ಷ ಕೊಂಡದ್ದು. ಭಾನುವಾರ ಅದನ್ನು ಎಮ್ಮೆ ತೊಳೆದ ಹಾಗೆ ತೊಳೆಯುತ್ತಿದ್ದರಂತೆ. ಅದರ ಮೇಲೆ ವಿಶಾಲಕ್ಕನನ್ನು ಕೂರಿಸಿಕೊಂಡು ಜಾವಗಲ್ ಮೇಲೆ ಹಳೇಬೀಡಿಗೆ ಹೋಗಿ, ದೇವಸ್ಥಾನದ ಒಳಗೂ ಹೋಗದೆ ಕೆರೆ ಏರಿಯ ಮೇಲೆ ಕೂತು ಕಡಲೆಕಾಯಿ ತಿಂದು ಬರುತ್ತಿದ್ದರಂತೆ. "ನಮ್ಮ ಮದುವೇಲಿ ನಂಗೆ ಸಿಕ್ಕಿದ ಒಂದೇ ವೈಭೋಗ ಅದು" ಎಂದು ವಿಶಾಲಕ್ಕ ನಗುತ್ತಿದ್ದರು.

ಆ ಸ್ಕೂಟರು ಹೋದದ್ದು ಕಾಲೇಜಿನ ವಾರ್ಷಿಕೋತ್ಸವದ ದಿನ. ಪರಿಸರ ಅಧ್ಯಯನ ಎಂಬ ಪೇಪರನ್ನು ಎಲ್ಲ ಮಕ್ಕಳೂ ಓದಲೇಬೇಕೆಂದು ವಿಶ್ವವಿದ್ಯಾನಿಲಯದವರು ಆಗಷ್ಟೇ ಕಡ್ಡಾಯ ಮಾಡಿದ್ದರು. ಅದು ಯಾರಿಗೂ ಬೇಡದ ಕೂಸಾಗಿ ಸ್ಟಾಫ್ ರೂಮಿನಲ್ಲಿ ಕೈಯಿಂದ ಕೈಗೆ ಹೋಗಿ, ಕೊನೆಗೆ ಇವರ ಮಡಿಲಿಗೆ ಬಿದ್ದಿತ್ತು. ವೇದಿಕೆಯ ಮೇಲೆ ಪರಿಸರದ ಬಗ್ಗೆ ಎರಡು ಮಾತಾಡಿ ಎಂದು ಪ್ರಿನ್ಸಿಪಾಲರು ಮೈಕು ಕೊಟ್ಟರು. ಇವರು ಮಾತಾಡುತ್ತ, ವಾರಕ್ಕೊಂದು ದಿನ, ಶನಿವಾರ, ಯಾರೂ ಪೆಟ್ರೋಲ್ ಗಾಡಿ ತರದಿದ್ದರೆ ಹೇಗೆ ಎಂದು ಕೇಳಿದರು. ಹಿಂದಿನ ಸಾಲಿನಿಂದ ಜಾವಗಲ್ ಕಡೆಯ ಮಂಜು ಎಂಬ ಹುಡುಗ, ಬೈಕಿನ ಮೇಲೇ ಹುಟ್ಟಿದವನಂತಿದ್ದ ವಿದ್ಯಾರ್ಥಿ ನಾಯಕ, ಕೂಗಿದ: "ನೀವು ಬಿಟ್ರೆ ನಾವೂ ಬಿಡ್ತೀವಿ ಸಾರ್!"

ಹಾಲಿಗೆ ಹಾಲೇ ಹೋ ಎಂದಿತು. ಮೇಷ್ಟ್ರು ಜೇಬಿನಿಂದ ಸ್ಕೂಟರಿನ ಕೀ ತೆಗೆದು ಪ್ರಿನ್ಸಿಪಾಲರ ಮುಂದಿನ ಮೇಜಿನ ಮೇಲಿಟ್ಟರು.

"ಬಿಟ್ಟೆ ಕಣ್ರಪ್ಪ. ನೀವು ಶನಿವಾರ ಒಂದಿನ ಬಿಡಿ ಸಾಕು. ನಾನು ಪೂರ್ತಿ ಬಿಟ್ಟೆ. ನಮ್ಮನೆ ಬಾಗಿಲಲ್ಲಿ ಇನ್ಮೇಲೆ ಪೆಟ್ರೋಲ್ ಗಾಡಿ ನಿಲ್ಲಲ್ಲ. ನಿಂತಿದ್ದು ಕಂಡ ದಿನ ನಿಮ್ಮ ಶನಿವಾರಾನೂ ನೀವು ವಾಪಸ್ ತಗೊಳ್ಳಿ."

ಚಪ್ಪಾಳೆಯೋ ಚಪ್ಪಾಳೆ. ನನ್ನ ಪಕ್ಕದಲ್ಲಿ ಕೂತಿದ್ದ ವಿಶಾಲಕ್ಕನೂ ತಟ್ಟಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಮನೆ ಬಾಗಿಲು ಅಂದ್ರಲ್ಲ, ಅದರಲ್ಲಿ ನನ್ನದೂ ಅರ್ಧ ಅಲ್ವಾ?" ಅಂದರು. ನಗುತ್ತಲೇ ಅಂದರು. ಇಬ್ಬರೂ ನಕ್ಕೆವು. ಸ್ಕೂಟರನ್ನು ಅರೇಹಳ್ಳಿಯ ನೆಂಟರೊಬ್ಬರು ಕೊಂಡು, ಹೊಡೆದುಕೊಂಡು ಹೋದರು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಮೇಷ್ಟ್ರು ಗೇಟಿನಲ್ಲಿ ನಿಂತಿದ್ದರಂತೆ. ಅಂದಿನಿಂದ ಅವರಿಗೊಂದು ಚಟ ಅಂಟಿತು. ಸ್ಟ್ಯಾಂಡಿನಲ್ಲಿ ನಿಂತ ಬೇರೆಯವರ ಸ್ಕೂಟರುಗಳ ಸೀಟಿನ ಮೇಲೆ, ಹಾದು ಹೋಗುವಾಗ, ಒಂದು ಸಲ ಅಂಗೈ ಆಡಿಸುತ್ತಿದ್ದರು. ಕರುವಿನ ಬೆನ್ನು ಸವರಿದ ಹಾಗೆ. ನಾವೆಲ್ಲ ನೋಡಿದ್ದೆವು, ಯಾರೂ ಹೇಳಿರಲಿಲ್ಲ.

ಮೊದಮೊದಲ ಶನಿವಾರಗಳು ಹಬ್ಬದಂತಿದ್ದವು. ಅಧ್ಯಾಪಕರು ಅಟ್ಟದ ಮೇಲಿದ್ದ ಸೈಕಲ್ಲುಗಳನ್ನು ಇಳಿಸಿದರು. ರಸಾಯನಶಾಸ್ತ್ರದವರು ಬಿದ್ದು ಮೊಣಕೈ ತರಚಿಕೊಂಡು ಹುತಾತ್ಮರಂತೆ ಬ್ಯಾಂಡೇಜು ತೋರಿಸಿದರು. ಮಳೆಗಾಲ ಬರುವ ಹೊತ್ತಿಗೆ ನಮ್ಮವರು ಉಪಾಯ ಕಂಡುಕೊಂಡಿದ್ದರು. ತಿರುವಿನಾಚೆಯ ಹೋಟೆಲಿನ ಹಿಂದೆ ಬೈಕು ನಿಲ್ಲಿಸಿ, ಅಲ್ಲಿಂದ ಬೆವರೊರೆಸಿಕೊಳ್ಳುತ್ತ ನಡೆದು ಬರುವುದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಹೋಗಿ ಮೇಷ್ಟ್ರಿಗೆ ಹೇಳಿದೆ.

"ಗೊತ್ತು ಕಣಮ್ಮ" ಅಂದರು. "ತಿರುವಿನಿಂದ ಇಲ್ಲಿಗಾದ್ರೂ ನಡೀತಾರಲ್ಲ, ಅಷ್ಟು ಉಳೀತು ಅಂದ್ಕೊ."

ನಿಜವಾಗಿ ಉಳಿದದ್ದು ಬೇರೆ. ಹೆಣ್ಣುಮಕ್ಕಳ ಸೈಕಲ್ಲು. ಸುತ್ತಿನ ಹಳ್ಳಿಗಳಿಂದ ಬರುತ್ತಿದ್ದ ಹುಡುಗಿಯರಿಗೆ ಕಾಲೇಜಿಗೆ ಸೈಕಲ್ಲಿನಲ್ಲಿ ಬರುವುದು ಅವಮಾನದ ಸಂಗತಿಯಾಗಿತ್ತು. ಹೈಸ್ಕೂಲು ಮುಗಿದ ಮೇಲೆ ಸೈಕಲ್ ತುಳಿಯುವವರು ಗತಿಯಿಲ್ಲದವರು ಎಂದೇ ಲೆಕ್ಕ. ಎಂ.ಎ. ಓದಿದ ಮೇಷ್ಟ್ರೇ ತುಳಿಯುತ್ತಾರೆ ಎಂದಮೇಲೆ ಅಪ್ಪಂದಿರ ಬಾಯಿ ಕಟ್ಟಿತು. ಒಬ್ಬಳು ಶುರುಮಾಡಿದಳು, ನಾಲ್ವರಾದರು, ಶನಿವಾರಕ್ಕಷ್ಟೇ ಇದ್ದದ್ದು ವಾರವಿಡೀ ಆಯಿತು. ಬೆಳಿಗ್ಗೆ ಆ ಸಾಲು ಬರುವಾಗ ಮೇಷ್ಟ್ರು ಮೊದಲ ಗಂಟೆಗೆ ಮುಂಚೆಯೇ ಗೇಟಿನಲ್ಲಿ ನಿಂತಿರುತ್ತಿದ್ದರು. ತಾವೂ ಸೈಕಲ್ ಹಿಡಿದುಕೊಂಡು ನಿಂತಿರುತ್ತಿದ್ದರು, ಅಷ್ಟೇ. ಅವರ ಸಂತೋಷವೆಲ್ಲ ಅಲ್ಲಿತ್ತು. ಅವರು ಸಿಕ್ಕಿಬಿದ್ದದ್ದೂ ಅಲ್ಲೇ.

ಯಾಕೆಂದರೆ ಊರು ಅವರನ್ನು ಕಾಯತೊಡಗಿತ್ತು. ಕ್ಷೌರದಂಗಡಿಯಲ್ಲಿ, ತರಕಾರಿ ಅಂಗಡಿಯಲ್ಲಿ, ಎಲ್ಲಿ ಹೋದರೂ "ಮೇಷ್ಟ್ರೇ, ಸೈಕಲ್ಲೆಲ್ಲಿ?" ಹಗರೆಯಲ್ಲಿ ಅವರ ಚಿಕ್ಕಪ್ಪ ತೀರಿಕೊಂಡಾಗ ನೆಂಟರ ಕಾರು ಬಂದು ಅವರನ್ನು ಕರೆದುಕೊಂಡು ಹೋಯಿತು. ಮಣ್ಣು ಮಾಡಿ ಬಂದ ಮೇಲೆ ಸೋಮವಾರ ತರಗತಿಗೆ ಹೋದರೆ ಮಂಜು ಎದ್ದು ನಿಂತ.

"ಸಾರ್, ಬೇಜಾರ್ ಮಾಡ್ಕೋಬೇಡಿ. ಕಾರಲ್ಲಿ ಹೋದ್ರಂತೆ?"

ಬೋಳಿಸಿದ ತಲೆಯ ಆ ದೊಡ್ಡ ಮನುಷ್ಯ ಹುಡುಗರ ಮುಂದೆ ನಿಂತು, ಕಾರು ತಮ್ಮದಲ್ಲ, ಬಸ್ಸಿಗೆ ಕಾಯುವ ಹಾಗಿರಲಿಲ್ಲ ಎಂದು ವಿವರಿಸಿದರು. ಕಾರಿಡಾರಿನಲ್ಲಿ ನಿಂತು ಕೇಳಿಸಿಕೊಂಡ ನನಗೆ ಒಳಗೆ ನುಗ್ಗಿ ಆ ಹುಡುಗನ ಕಿವಿ ಹಿಂಡಬೇಕು ಅನ್ನಿಸಿತ್ತು. ಅವರು ಸ್ಟಾಫ್ ರೂಮಿಗೆ ಬಂದಾಗ, "ನೀವ್ಯಾಕೆ ಉತ್ತರ ಕೊಡ್ತೀರಿ ಅವನಿಗೆ?" ಎಂದು ಅವರ ಮೇಲೇ ರೇಗಿದೆ. ಅವರು ಲೋಟಕ್ಕೆ ನೀರು ಬಗ್ಗಿಸಿಕೊಂಡು ಕುಡಿದು, ಒಂದು ಕಥೆ ಹೇಳಿದರು.

"ನಮ್ಮೂರಲ್ಲಿ ಒಂದ್ಸಲ ದನಗಳಿಗೆ ಕಾಯಿಲೆ ಬಂದಿತ್ತು ಕಣಮ್ಮ, ನಾನು ಸಣ್ಣೋನು. ಊರಿಗೆ ಒಳ್ಳೇದಾಗ್ಲಿ ಅಂತ ಒಬ್ಬ ಯಜಮಾನ ಹರಕೆ ಹೊತ್ಕೊಂಡ, ಚಪ್ಪಲಿ ಮೆಟ್ಟಲ್ಲ ಅಂತ. ಪುಣ್ಯಾತ್ಮ, ಎಷ್ಟು ದಿನ ಅಂತ ಹೇಳೋದು ಮರ್ತಿದ್ದ. ಕಾಯಿಲೆ ಹೋಯ್ತು. ಇನ್ನು ಮೆಟ್ಟಣ ಅಂದ್ರೆ ಊರೋರು ಬಿಡ್ಲಿಲ್ಲ. ಮತ್ತೆ ಬಂದ್ರೆ? ಎಲ್ರೂ ಚಪ್ಪಲಿ ಮೆಟ್ಕೊಂಡು ಅವನ ಕಾಲು ನೋಡೋರು. ಮುಳ್ಳು ಚುಚ್ಚಿದ್ರೆ ಕೀಳೋಕೆ ಹತ್ತು ಜನ ಬರೋರು. ಚಪ್ಪಲಿ ಕೊಡೋಕೆ ಒಬ್ರೂ ಇಲ್ಲ."

"ಆಮೇಲೆ?"

"ಆಮೇಲೇನು, ಹಂಗೇ ಸತ್ತ. ಕೈ ಮುಗಿಯೋರು ಅವನ ಕಾಲಿಗೆ."

ಅಷ್ಟು ಹೇಳಿ, ಗಂಟೆ ಹೊಡೆದದ್ದಕ್ಕೆ ಎದ್ದು ಹೋದರು. ಹೋಗುವಾಗ ನನ್ನ ತಲೆಯ ಮೇಲಿನ ಫ್ಯಾನನ್ನು ಒಂದು ಸಲ ನೋಡಿದರು, ನಾನು ಅಲ್ಲೇ ಕೂತಿದ್ದುದರಿಂದ ಆರಿಸಲಿಲ್ಲ.

ವಿಶಾಲಕ್ಕ ಜಾವಗಲ್ ರಸ್ತೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಬಸ್ಸು ಮುಖ್ಯರಸ್ತೆಯಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಊರಿನೊಳಕ್ಕೆ ರಾಗಿ ಹೊಲಗಳ ನಡುವೆ ಬಹಳ ದೂರ ನಡಿಗೆ. ವರ್ಷಗಟ್ಟಲೆ ನಡೆದರು. ಆಮೇಲೆ ಮಂಡಿ ಹಿಡಿಯಿತು. ಹಾಸನದ ಡಾಕ್ಟರು, ಮಂಡಿ ಸವೆದಿದೆ, ನಡಿಗೆ ಕಡಿಮೆ ಮಾಡಿ, ಇಲ್ಲದಿದ್ದರೆ ನಿಂತು ಪಾಠ ಮಾಡುವುದಕ್ಕೂ ಆಗುವುದಿಲ್ಲ ಎಂದರು. ವರ್ಗಾವಣೆಗೆ ಅಲೆದದ್ದಾಯಿತು, ಸಿಗಲಿಲ್ಲ. ಸೈಕಲ್ ತುಳಿಯಲು ಆ ಮಂಡಿ ಮೊದಲೇ ಒಪ್ಪದು. ಉಳಿದದ್ದು ಒಂದೇ ದಾರಿ, ಒಂದು ಮೊಪೆಡ್ಡು.

ಒಂದು ಸಂಜೆ ಅವರ ಅಡುಗೆಮನೆಯಲ್ಲಿ ಕೂತಿದ್ದೆ. ವಿಶಾಲಕ್ಕ ಕಾಲು ಚಾಚಿ, ಮಂಡಿಗೆ ಬಿಸಿ ಮರಳಿನ ಗಂಟು ಒತ್ತಿಕೊಳ್ಳುತ್ತಿದ್ದರು.

"ತಗೊಂಡ್ಬಿಡಿ ಅಕ್ಕ. ಮೇಷ್ಟ್ರು ಬೇಡ ಅಂತಾರಾ?"

"ಬೇಡ ಅಂದಿದ್ರೆ ಜಗಳ ಆಡಬಹುದಿತ್ತು ಕಣೇ. ತಗೋ ಅಂತಾರೆ. ಅಂದ್ಬಿಟ್ಟು ರಾತ್ರಿಯೆಲ್ಲ ಹೊರಳಾಡ್ತಾರೆ. ನಂಗೆ ಗೊತ್ತು, ಆ ಹುಡುಗೀರ ಸಾಲು ಕಣ್ಮುಂದೆ ಬರ್ತಿರುತ್ತೆ. ಮನೆಗೆ ಮಾರಿ ಊರಿಗೆ ಉಪಕಾರಿ ಅಂತ ಬಯ್ಯೋಣ ಅಂದ್ರೆ, ಆ ಮುಖ ನೋಡಿದ್ರೆ ಬಯ್ಯೋಕೂ ಮನಸ್ಸು ಬರಲ್ಲ. ನಿಜ ಹೇಳ್ಲಾ? ನಂಗೂ ಆ ಹುಡುಗೀರನ್ನ ಕಂಡ್ರೆ ಇಷ್ಟ. ಏನ್ಮಾಡ್ಲಿ ಹೇಳು."

ಮೊಪೆಡ್ಡು ವಿಶಾಲಕ್ಕನದು, ಮೇಷ್ಟ್ರದಲ್ಲ ಎಂದು ಊರಿಗೆಲ್ಲ ಯಾರು ಹೇಳಿಕೊಂಡು ತಿರುಗುತ್ತಾರೆ? ಬಾಗಿಲಲ್ಲಿ ನಿಂತರೆ ನಿಂತಂತೆಯೇ. ಮಾತು ಕೊಟ್ಟವರು ಬಾಗಿಲನ್ನೇ ಅಡ ಇಟ್ಟಿದ್ದರು.

ಕಡೆಗೆ ಮೇಷ್ಟ್ರು ಒಂದು ಕೆಲಸ ಮಾಡಿದರು. ಇನ್ಯಾರೂ ಮಾಡುತ್ತಿರಲಿಲ್ಲ. ತರಗತಿಗೆ ಹೋಗಿ, ಮನೆಯ ಕಷ್ಟವನ್ನು ಇದ್ದದ್ದು ಇದ್ದ ಹಾಗೆ ಹೇಳಿ, "ನಾನು ಆಡಿದ ಮಾತನ್ನ ನೀವು ಬಿಟ್ಟುಕೊಡ್ತೀರೇನ್ರಪ್ಪ?" ಎಂದು ಕೇಳಿದರು. ಹುಡುಗಿಯರು ಒಂದೇ ದನಿಯಲ್ಲಿ, "ತಗೊಳ್ಳಿ ಸಾರ್, ಪಾಪ ಮೇಡಂ" ಎಂದರು. ಮಂಜು ಮಾತ್ರ ಕೇಳಿದ, "ಹಂಗಾದ್ರೆ ನಮ್ ಶನಿವಾರಾನೂ ಮುಗೀತಲ್ವಾ ಸಾರ್?" ಅವನ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಅವನಿಗೂ ಸಾಕಾಗಿತ್ತು ಅಷ್ಟೇ. ಹಿಂದಿನ ಬೆಂಚುಗಳಲ್ಲಿ ಒಂದು ಸಣ್ಣ ಗುಜುಗುಜು ಎದ್ದಿತು, ರಜೆ ಸಿಕ್ಕಿದ ಮಕ್ಕಳದ್ದು. ಅದನ್ನು ಕೇಳಿದ ಮೇಷ್ಟ್ರು, "ತಡೀರಿ, ಇನ್ನೂ ತಗೊಂಡಿಲ್ಲ" ಎಂದು ಪುಸ್ತಕ ತೆರೆದರಂತೆ.

ಸುದ್ದಿ ಪ್ರಿನ್ಸಿಪಾಲರಿಗೆ ಮುಟ್ಟಿತು. ಕಾಲೇಜಿನ ಗುಣಮಟ್ಟ ನೋಡಲು ತಪಾಸಣೆಯ ಸಮಿತಿ ಬರುವುದಿತ್ತು. ಪ್ರಿನ್ಸಿಪಾಲರು ಇವರನ್ನು ಕರೆಸಿದರು. ನಾನೂ ಅಲ್ಲೇ ಇದ್ದೆ.

"ಏನ್ರೀ ಮೇಷ್ಟ್ರೇ, ಇದೇನು ಕೇಳ್ತಿದೀನಿ? ನಮ್ಮ ಕಾಲೇಜಲ್ಲಿ ತೋರಿಸೋಕೆ ಏನಿದೆ ಹೇಳಿ. ಲ್ಯಾಬಲ್ಲಿ ನೀರು ಬರಲ್ಲ, ಲೈಬ್ರರಿ ಸೋರುತ್ತೆ. ಇರೋದು ನಿಮ್ಮ ಸೈಕಲ್ ಶನಿವಾರ ಒಂದೇ. ಅವ್ರು ಬಂದು ಹೋಗೋ ತನಕ ತಾಳ್ರೀ."

"ಯಾವಾಗ ಬತ್ತಾರೆ ಸಾರ್?"

"ಬರ್ತಾರೆ. ಇವತ್ತೋ ನಾಳೆಯೋ."

ಸಮಿತಿ ಬರುವ ಹೊತ್ತಿಗೆ ಮುಂಗಾರು ಮುಗಿದಿತ್ತು. ಕೆಸರಿನ ದಾರಿಯಲ್ಲಿ ವಿಶಾಲಕ್ಕ ಒಂದು ಮಳೆಗಾಲ ಪೂರ್ತಿ ನಡೆದಿದ್ದರು. ಸಮಿತಿಯವರು ಕಾರುಗಳಲ್ಲಿ ಬಂದರು. ಮೇಷ್ಟ್ರ ಜೊತೆ ಮಾತಾಡಿದ ಅಷ್ಟು ಹೊತ್ತೂ ಆ ಕಾರುಗಳು, ಒಳಗೆ ತಂಪಾಗಿರಲೆಂದು, ಗೇಟಿನಲ್ಲಿ ಸ್ಟಾರ್ಟಿನಲ್ಲೇ ನಿಂತಿದ್ದವು. ಮೇಷ್ಟ್ರ ಕಣ್ಣು ಮತ್ತೆ ಮತ್ತೆ ಅತ್ತಲೇ ಹೋಗುತ್ತಿತ್ತು. ಮುಖ್ಯಸ್ಥರು ಅವರ ಸೈಕಲ್ಲಿನ ಹ್ಯಾಂಡಲ್ ಹಿಡಿದು ಫೋಟೋ ತೆಗೆಸಿಕೊಂಡರು. ಬೆಲ್ಲು ಬಾರಿಸಿ ನೋಡಿ ನಕ್ಕರು. "ಇಂಥವರೊಬ್ಬರು ಪ್ರತಿ ಕಾಲೇಜಿನಲ್ಲೂ ಇರಬೇಕು" ಎಂದರು. ನಾವೆಲ್ಲ ಹೆಮ್ಮೆಯಿಂದ ತಲೆಯಾಡಿಸಿದೆವು. ಒಬ್ಬರು ಇದ್ದರೆ ಸಾಕಲ್ಲ, ಉಳಿದವರು ಯಾಕೆ?

ಅದರ ಮಾರನೆಯ ದಿನ ಮೇಷ್ಟ್ರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಮುಖ ಬಾಡಿತ್ತು.

"ಈಗ್ಲಾದ್ರೂ ಮೊಪೆಡ್ ತಗೊಳ್ಳಿ ಸಾರ್. ಅವ್ರು ಬಂದು ಹೋದ್ರಲ್ಲ" ಎಂದೆ.

"ಬೇಡ್ವಂತೆ ಕಣಮ್ಮ" ಎಂದರು. "ಕೆಲಸ ಬಿಟ್ಲು. ಬರ್ಕೊಟ್ಟು ಬಂದವ್ಳೆ. ಇನ್ನು ಮೊಪೆಡ್ ಯಾಕೆ, ಮನೇಲೇ ಇರ್ತೀನಲ್ಲ ಅಂದ್ಲು."

ನಾನು ಎದ್ದು ನಿಂತೆ. ಮತ್ತೆ ಕೂತೆ. ಗಣಿತವೆಂದರೆ ಪ್ರಾಣ ಬಿಡುತ್ತಿದ್ದ ಹೆಂಗಸು. ಹಳ್ಳಿಯ ಮಕ್ಕಳು ಬೀಜಗಣಿತಕ್ಕೆ ಹೆದರದಂತೆ ಮಾಡಿದ್ದೇ ತಮ್ಮ ಜೀವನದ ಸಾಧನೆ ಎಂದು ಹೇಳಿಕೊಳ್ಳುತ್ತಿದ್ದವರು. ನನಗೆ ಮೇಷ್ಟ್ರ ಮೇಲೆ ಬಂದಷ್ಟು ಸಿಟ್ಟು ಆವತ್ತು ಇನ್ಯಾರ ಮೇಲೂ ಬರಲಿಲ್ಲ, ಅವರನ್ನು ನೋಡಿ ಆದಷ್ಟು ಸಂಕಟವೂ ಇನ್ಯಾರನ್ನು ನೋಡಿಯೂ ಆಗಲಿಲ್ಲ. ಅಡಕತ್ತರಿಗೆ ಸಿಕ್ಕ ಅಡಕೆ ಯಾವ ಕಡೆಗೆ ಹೊರಳಿದರೇನು. ಅವರು ಅದಾದ ಮೇಲೆ ಸ್ಕೂಟರುಗಳ ಸೀಟು ಸವರುವುದನ್ನು ಬಿಟ್ಟರು. ಹುಡುಗಿಯರು ಬರುವ ಹೊತ್ತಿಗೆ ಗೇಟಿನಲ್ಲಿ ನಿಲ್ಲುವುದನ್ನು ಮಾತ್ರ ಬಿಡಲಿಲ್ಲ.

ಅವರು ನಿವೃತ್ತರಾದರು. ನಿವೃತ್ತರಾದವರಿಗೆ ಹಾರ ಹಾಕಿ, ಹೂವಿನ ಅಲಂಕಾರ ಮಾಡಿದ ಕಾರಿನಲ್ಲಿ ಹೆಂಡತಿಯ ಪಕ್ಕ ಕೂರಿಸಿ, ಎಲ್ಲರೂ ಹಿಂದೆ ಹೋಗಿ ಮನೆಯ ತನಕ ಬಿಟ್ಟು ಬರುವುದು ನಮ್ಮ ಕಾಲೇಜಿನ ಪದ್ಧತಿ. ಭಾಷಣಗಳೆಲ್ಲ ಮುಗಿದು ಹೊರಗೆ ಬಂದರೆ ಕಾರು ಇರಲಿಲ್ಲ. ಅವರ ಸೈಕಲ್ಲಿಗೇ ಸೇವಂತಿಗೆ ಸುತ್ತಿ, ಹ್ಯಾಂಡಲ್ಲಿಗೆ ಬಾಳೆಯ ಎಳೆಸುಳಿ ಕಟ್ಟಿ ನಿಲ್ಲಿಸಿದ್ದರು. ಅದನ್ನು ಹಿಡಿದುಕೊಂಡು ನಿಂತವಳು ಆ ಸೈಕಲ್ ಸಾಲಿನವಳೇ ಒಬ್ಬ ಹುಡುಗಿ. ಹಿಂದೆ ಮೆರವಣಿಗೆಗೆಂದು ಅಧ್ಯಾಪಕರ, ಹಳೆಯ ವಿದ್ಯಾರ್ಥಿಗಳ ಬೈಕುಗಳು ಸಾಲಾಗಿ ಸ್ಟಾರ್ಟಾಗಿ ನಿಂತಿದ್ದವು. ಅದು ಶನಿವಾರವೇ ಆಗಿತ್ತು ಎಂಬುದು ಯಾರಿಗೂ ನೆನಪಿರಲಿಲ್ಲ. ಪ್ರಿನ್ಸಿಪಾಲರು, "ಹೆಂಗಿದೆ ನಮ್ಮ ಐಡಿಯಾ?" ಎಂದು ಮೇಷ್ಟ್ರ ಬೆನ್ನು ತಟ್ಟಿದರು.

ವಿಶಾಲಕ್ಕ ಕಂಬ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ಒಂದು ಮೆಟ್ಟಿಲಿಗೆ ಎರಡೂ ಕಾಲು. ಯಾರೋ ಹುಡುಗರು, "ಮೇಡಂ, ಕ್ಯಾರಿಯರ್ ಮೇಲೆ ಕೂತ್ಕೊಳ್ಳಿ, ಸಾರ್ ತುಳೀತಾರೆ!" ಎಂದು ಕೂಗಿದರು. ಶಿಳ್ಳೆ, ನಗು. ಮೇಷ್ಟ್ರು ಸೈಕಲ್ಲನ್ನು ನೋಡಿದರು, ಮೆಟ್ಟಿಲ ಮೇಲಿನ ಹೆಂಡತಿಯನ್ನು ನೋಡಿದರು. ಹಾರ ತೆಗೆದು ನನ್ನ ಕೈಗೆ ಕೊಟ್ಟರು.

"ಮಂಜ" ಎಂದು ಕರೆದರು. ಅವನು ಆಗ ಊರಿನಲ್ಲಿ ಟ್ಯಾಕ್ಸಿ ಇಟ್ಟಿದ್ದ. "ನಿನ್ನ ಕಾರು ತಗೊಂಬಾರಪ್ಪ. ನಮ್ಮೋಳಿಗೆ ನಡೆಯಕ್ಕಾಗಲ್ಲ. ನಾನೂ ಅವಳ ಜೊತೆ ಅದ್ರಲ್ಲೇ ಹೋಗ್ತೀನಿ."

ನಗು ನಿಂತಿತು. ಮಂಜು ಓಡಿಹೋಗಿ ಕಾರು ತಂದ. ಬಾಗಿಲನ್ನು ಅವನೇ ತೆಗೆದು ಹಿಡಿದ, ತಲೆ ಎತ್ತಲಿಲ್ಲ. ಮೇಷ್ಟ್ರು ಹೆಂಡತಿಯ ತೋಳು ಹಿಡಿದು ಒಳಗೆ ಕೂರಿಸಿ, ತಾವೂ ಕೂತು, ಬಾಗಿಲು ಹಾಕಿಕೊಂಡರು. ಕಾರು ಗೇಟು ದಾಟಿದ ಮೇಲೆ ನನ್ನ ಪಕ್ಕದಲ್ಲಿದ್ದ ರಸಾಯನಶಾಸ್ತ್ರದವರು ಉಸಿರು ಬಿಟ್ಟರು: "ಛೆ, ಕೊನೇ ದಿನ ಕೆಡಿಸಿಬಿಟ್ರು ಕಣ್ರೀ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ." ಕೈಯಲ್ಲಿದ್ದ ಹಾರವನ್ನು ಆತನ ಮುಖಕ್ಕೆ ಎಸೆಯುವಷ್ಟು ಸಿಟ್ಟು ಬಂದಿತ್ತು. ಎಸೆಯಲಿಲ್ಲ. ಹೂವಿನ ಸೈಕಲ್ ಹಿಡಿದಿದ್ದ ಆ ಹುಡುಗಿ ಅದನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಬಹಳ ಹೊತ್ತು ಹಾಗೇ ನಿಂತಿದ್ದಳು.

ಮುಂದಿನ ಶನಿವಾರದಿಂದ ಸ್ಟ್ಯಾಂಡಿನ ತುಂಬ ಬೈಕು. ಯಾರೂ ಯಾರನ್ನೂ ಕೇಳಲಿಲ್ಲ. ಹೋಟೆಲಿನ ಹಿಂದೆ ನಿಲ್ಲಿಸುವ ತೊಂದರೆಯೂ ತಪ್ಪಿತು. ಮೇಷ್ಟ್ರಿಗೆ ಆವತ್ತು ಬಿಡುಗಡೆಯಾಯಿತು ಎಂದು ನಾನು ಬಹಳ ದಿನ ನಂಬಿದ್ದೆ. ಹುಡುಗಿಯರ ಸಾಲು ಮಾತ್ರ, ಯಾಕೋ ಏನೋ, ನಿಲ್ಲಲಿಲ್ಲ. ನನಗೆ ಬೇಲೂರಿಗೆ ವರ್ಗವಾಗುವವರೆಗೂ ಅದನ್ನು ದಿನವೂ ನೋಡಿದ್ದೇನೆ.

ಮೊನ್ನೆ ಶನಿವಾರ, ತಿಥಿಯೆಲ್ಲ ಮುಗಿದ ಮೇಲೆ, ವಿಶಾಲಕ್ಕನನ್ನು ನೋಡಲು ಅರಸೀಕೆರೆಗೆ ಹೋಗಿದ್ದೆ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದರೆ, ಬಚ್ಚಲ ಪಕ್ಕದಲ್ಲಿ ಹಳೆಯ ಸೀರೆ ಹೊದಿಸಿದ ಏನೋ ನಿಂತಿತ್ತು. ಸರಿಸಿ ನೋಡಿದೆ. ಮೊಪೆಡ್ಡು!

"ರಿಟೈರಾದ ಮೇಲೆ ತಗೊಂಡ್ವಿ" ಎಂದರು ವಿಶಾಲಕ್ಕ. "ನಾನೇ ಓಡಿಸೋದು. ಅವ್ರು ಹಿಂದೆ ಕೂತು ನನ್ನ ಹೆಗಲು ಹಿಡ್ಕೋತಿದ್ರು. ರೈಲ್ವೆ ಗೇಟ್ ಹಾಕಿದ್ರೆ ಸಾಕು, ಇಂಜಿನ್ ಆಫ್ ಮಾಡೇ ಅಂತ ಬೆನ್ನಿಗೆ ತಿವಿಯೋರು. ಹಳೇಬೀಡಿಗೂ ಹೋಗಿದ್ವಿ ಕಣೇ, ಕೆರೆ ಏರಿ ಮೇಲೆ ಕೂತು ಕಡಲೆಕಾಯಿ ತಿಂದ್ವಿ."

"ಮತ್ತೆ ಹಿತ್ತಲಲ್ಲಿ ಯಾಕೆ ಬಚ್ಚಿಟ್ಟಿದೀರಿ? ಬಾಗಿಲಲ್ಲಿ ನಿಲ್ಲಿಸಬಾರದಾ?"

ವಿಶಾಲಕ್ಕ ಸೆರಗಿನಿಂದ ಸೀಟು ಒರೆಸಿದರು.

"ಬಾಗಿಲಲ್ಲಿ ಒಂದು ದಿನಾನೂ ನಿಲ್ಲಿಸೋಕೆ ಬಿಡಲಿಲ್ಲ. ಕಾಲೇಜ್ ರಸ್ತೇಲಿ ಹೋಗೋಕೂ ಬಿಡಲಿಲ್ಲ. ಪೇಟೆಗೆ ಹೋಗ್ಬೇಕಾದ್ರೂ ರೈಲ್ವೆ ಗೇಟಿನ ಕಡೆಯಿಂದ ಊರೆಲ್ಲ ಸುತ್ತಿಸೋರು. 'ಹಿಂಗೆ ಸುತ್ತಿದ್ರೆ ಪೆಟ್ರೋಲ್ ಎಷ್ಟು ದಂಡ, ನೀವೇ ಲೆಕ್ಕ ಹಾಕಿ' ಅಂತಿದ್ದೆ. 'ಆಗ್ಲಿ ಕಣೇ. ಆವತ್ತು ಕಾರು ಹತ್ತುವಾಗ ಆ ಹುಡುಗಿ ಮುಖ ನೀನು ನೋಡ್ಲಿಲ್ಲ. ಇನ್ನೂ ತುಳೀತಾ ಅವ್ರೆ ಅವ್ರು. ನನ್ನ ನೋಡ್ಬಾರ್ದು' ಅನ್ನೋರು."

ಸಂಜೆ ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆಂದು ಅದೇ ಮೊಪೆಡ್ಡು ಹೊರಗೆ ತಂದರು. ನಾನು ಹಿಂದೆ ಕೂತು ಅವರ ಹೆಗಲು ಹಿಡಿದುಕೊಂಡೆ. ರಸ್ತೆಗಳು ಕೂಡುವಲ್ಲಿ ವಿಶಾಲಕ್ಕ ಗಾಡಿ ನಿಲ್ಲಿಸಿದರು. ನೇರ ಹೋದರೆ ಕಾಲೇಜು, ಅದರಾಚೆಗೇ ಬಸ್ ಸ್ಟ್ಯಾಂಡು. ದೂರದಲ್ಲಿ ಸೈಕಲ್ಲುಗಳ ಬೆಲ್ಲು ಕೇಳುತ್ತಿತ್ತು. ಸ್ವಲ್ಪ ಹೊತ್ತು ಅತ್ತ ನೋಡಿ, ಅವರು ಗಾಡಿಯನ್ನು ರೈಲ್ವೆ ಗೇಟಿನ ಕಡೆಗೆ ತಿರುಗಿಸಿದರು.

"ಈಗ್ಯಾಕಕ್ಕ ಸುತ್ತಿ ಹೋಗೋದು? ಮೇಷ್ಟ್ರೇ ಇಲ್ಲವಲ್ಲ" ಎಂದೆ.

"ಆ ಮಕ್ಕಳು ನನ್ನನ್ನೂ ಗುರುತು ಹಿಡೀತಾವೆ ಕಣೇ" ಅಂದರು.